ಅರ್ಜಿಯಲ್ಲಿ ನಾನು ಬರೆದ ‘ಇಲ್ಲ’

ಓದುಗರಿಗೆ ನಮಸ್ಕಾರ. ನಾನು ತಡವಾಗಿ ಅಕ್ಷರ ಕಲಿತವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಂಬತ್ತರ ದಶಕದಲ್ಲಿ ಸಿ.ಎಸ್. ಪುರ ಕಡೆಯ ನಮ್ಮೂರ ಹೆಂಗಸರು ತೆಂಗಿನ ನಾರಿನ ಹಗ್ಗ ಹೊಸೆಯುವ ರಾಟೆ ಕೇಳಿ ಸರ್ಕಾರಕ್ಕೆ ಅರ್ಜಿ ಹಾಕಿದರು. ಬರೆದುಕೊಟ್ಟವನು ನಾನು. ಮನೆಯಲ್ಲೇ ಇರುವ ಹೆಂಗಸರಲ್ಲವೇ ಎಂದು, ಕಸುಬು ಎಂಬಲ್ಲಿ ‘ಇಲ್ಲ’ ಎಂದು ಬರೆದಿದ್ದೆ.

ಹೆಂಗಸರ ಜೊತೆ ನಾನೂ ಹೋಗಿದ್ದ ಗುಬ್ಬಿಯ ಕಚೇರಿಯಲ್ಲಿ ಸಾಹೇಬರು, “ಕಸುಬೇ ಇಲ್ದವ್ರಿಗೆ ರಾಟೆ ಯಾಕಮ್ಮಾ?” ಎಂದು ಅರ್ಜಿ ತಳ್ಳಿದರು.

ಕುಣಿಗಲ್‌ನಲ್ಲಿ ಯುವಜನರ ತರಬೇತಿ ಮುಗಿಸಿ ಬಂದು ಹೆಂಗಸರಿಗೆ ಮುಂದಾಳಾಗಿದ್ದ ಹುಡುಗಿ, ಚೀಲದಿಂದ ನಾರು ತೆಗೆದು ಅವರೆದುರೇ ಅಂಗೈಯಲ್ಲಿ ಮೊಳದುದ್ದ ಹಗ್ಗ ಹೊಸೆದಳು. “ಇದೇನ್ ಸಾರ್, ಆಟಾನಾ?”

ಸಾಹೇಬರು ನಕ್ಕುಬಿಟ್ಟರು. ಬೆರಗಾಗಿ ನಿಂತಿದ್ದ ನನಗೂ ಅವಳಿಂದ ಬೈಗುಳ ಬಿತ್ತು: “ಏನಣ್ಣಾ, ಬಾಯ್ ಬುಟ್ಕಂಡ್ ನಿಂತಿದೀಯ? ಆ ‘ಇಲ್ಲ’ ಹೊಡ್ದಾಕಿ ಬರಿ!”

‘ಹಗ್ಗ ಹೊಸೆಯುವುದು’ ಎಂದು ಬರೆದೆ. ಸಾಹೇಬರು ರುಜು ಹಾಕಿದರು. ನಿಮ್ಮೂರಲ್ಲೂ ಇಂಥವಳೊಬ್ಬಳು ಇದ್ದಿದ್ದರೆ ದಯವಿಟ್ಟು ಬರೆದು ತಿಳಿಸಿ.