ಅಕ್ಕನ ಸೋಮಾರಿ

"ಅವನನ್ನ ಮಾರೋ ಮುಂಚೆ ನನ್ನ ಮಾರು! ಇಬ್ಬರಿಗೂ ವಯಸ್ಸಾಗಿದೆ, ಜೋಡಿಯಾಗೇ ಹೊಡ್ಕೊಂಡು ಹೋಗ್ಲಿ!"

"ನಿನ್ನ ಯಾರು ತಗೋತಾರಕ್ಕ? ನಿನ್ನ ಬಾಯಿ ಕೇಳಿದ್ರೆ ಗಿರಾಕಿ ಓಡಿಹೋಗ್ತಾನೆ."

ಬೆಳಕು ಸರಿಯಾಗಿ ಹರಿದಿಲ್ಲ, ಅಕ್ಕ ತಮ್ಮನ ಜಗಳ ಆಗಲೇ ಕೊಟ್ಟಿಗೆಯ ಹೆಂಚು ಹಾರಿಸುತ್ತಿದೆ. ಎಪ್ಪತ್ತು ದಾಟಿದ ಅಕ್ಕ ಇಳಿಜಾರಿನ ಹೊಲದಲ್ಲಿ ಎಲೆಕೋಸು ಬೆಳೆಯುತ್ತಾಳೆ. ಬೇಸಾಯದಲ್ಲಿ ಅರ್ಧ ಪಾಲಿರುವ ತಮ್ಮ ಅದನ್ನು ಪೇಟೆಗೆ ಸಾಗಿಸುತ್ತಾನೆ. ಬಾಗಿಲಲ್ಲಿ ಇಟ್ಟಿಗೆ ಭಟ್ಟಿಯವನು ಕೈಕಟ್ಟಿ ನಿಂತಿದ್ದಾನೆ. ಅವನಿಗೆ ಇಟ್ಟಿಗೆ ಹೊರಲು ಪ್ರಾಣಿ ಬೇಕು. ಮೂವರ ನಡುವೆ, ತನಗೂ ಈ ಮಾತಿಗೂ ಸಂಬಂಧವೇ ಇಲ್ಲವೆಂಬಂತೆ ಹುಲ್ಲು ಅಗಿಯುತ್ತಿದೆ ಒಂದು ಹೇಸರಗತ್ತೆ. ಹೆಸರು ಸೋಮಾರಿ.

ಹೆಸರು ಕೇಳಿ ಮೋಸ ಹೋಗಬೇಡಿ. ಟ್ರ್ಯಾಕ್ಟರು ತಿರುಗದ ಆ ಇಳಿಜಾರನ್ನು ಹದಿನೆಂಟು ವರ್ಷದಿಂದ ಉತ್ತಿರುವುದು ಅಕ್ಕ, ಸೋಮಾರಿ ಇಬ್ಬರೇ. ಪೇಟೆಯಲ್ಲಿ ಕೋಸನ್ನು ಹಿಸುಕಿ ಹಿಸುಕಿ ಚೌಕಾಸಿ ಮಾಡುವ ನಾವು ಯಾರೂ ಅದರ ಹಿಂದಿನ ಬೆನ್ನುಗಳನ್ನು ಕಂಡಿಲ್ಲ. ಅಕ್ಕನ ಮಂಡಿ ಸವೆದಿದೆ. ಏರಿನಲ್ಲಿ ಅವಳು ನೇಗಿಲು ನಡೆಸುವುದಿಲ್ಲ, ನೇಗಿಲ ಹಿಡಿಯೇ ಅವಳನ್ನು ಮೇಲಕ್ಕೆಳೆಯುತ್ತದೆ. "ಗಂಡ ಕೈ ಹಿಡಿದು ನಡೆಸಿದ್ದು ಮದುವೆ ದಿನ ಮಾತ್ರ. ಇವನು ದಿನಾ ನಡೆಸ್ತಾನೆ," ಎನ್ನುತ್ತಾಳೆ. ಸೋಮಾರಿ ಹೋದರೆ ಅವಳ ಬೇಸಾಯವೂ ಹೋಯಿತು.

ತಮ್ಮನ ದೂರು ಸುಳ್ಳಲ್ಲ. ಕೈ ಮುರಿದುಕೊಂಡು ಅಕ್ಕ ತಿಂಗಳುಗಟ್ಟಲೆ ಮನೆಯಲ್ಲಿ ಕೂತಾಗ, ಕೋಸು ಕಿತ್ತ ಖಾಲಿ ಪಟ್ಟೆ ಉಳಲು ಅವನು ಸೋಮಾರಿಯನ್ನು ಹೂಡಿದ. ಅದು ಹೆಜ್ಜೆ ಕೀಳಲಿಲ್ಲ. ಕ್ಯಾರೆಟ್ ತೋರಿಸಿದ, ಬೈದ, ಹಿಂದಿನಿಂದ ನೂಕಿದ. "ಗೋಡೆ ನೂಕಿದ ಹಾಗಾಯ್ತು. ಮುದಿಯಾಯ್ತಕ್ಕ, ಒಪ್ಪಿಕೋ."

"ಹಾಗಾದ್ರೆ ನನ್ನೆದುರು ಹೂಡು. ನಡೀದಿದ್ರೆ ಇವತ್ತೇ ಕೊಟ್ಟುಬಿಡ್ತೀನಿ."

ಆಡಿದ ಮೇಲೆ ಅವಳ ಮುಖ ಸಪ್ಪಗಾಗುತ್ತದೆ. ಆದರೆ ಆಡಿದ ಮಾತು ಆಡಿಯಾಯಿತು.

ಕುಂಟುತ್ತ ಅಕ್ಕ ಖಾಲಿ ಪಟ್ಟೆ ತಲುಪುವಷ್ಟರಲ್ಲಿ ತಮ್ಮ ನೇಗಿಲು ಕಟ್ಟಿ ಅರಚುತ್ತಿದ್ದಾನೆ. "ಹೋಯ್!" ಸೋಮಾರಿ ಆಕಾಶ ನೋಡುತ್ತದೆ. "ಹೋಯ್!" ಕಿವಿಯೂ ಅಲ್ಲಾಡುವುದಿಲ್ಲ. ಭಟ್ಟಿಯವನು ಗಂಟಲು ಸರಿಮಾಡಿಕೊಳ್ಳುತ್ತಾನೆ.

ಅಕ್ಕ ಹತ್ತಿರ ಹೋಗಿ ಅದರ ಮೂತಿ ಸವರುತ್ತಾಳೆ. ಸವರುವ ಕೈ ಅಲ್ಲೇ ನಿಲ್ಲುತ್ತದೆ.

"ಕುಕ್ಕೆ ಎಲ್ಲೋ?"

ಕುಕ್ಕೆ ಎಂದರೆ ಬಾಯಿಗೆ ಕಟ್ಟುವ ಹಗ್ಗದ ಬಲೆ. ನಡೆಯುವ ಪ್ರಾಣಿ ಬೆಳೆಗೆ ಬಾಯಿ ಹಾಕದಿರಲೆಂದು.

"ಖಾಲಿ ಹೊಲ ಅಲ್ವೇನಕ್ಕ? ಮಣ್ಣು ತಿನ್ನುತ್ತಾ? ಪಾಪ, ಆರಾಮಾಗಿರ್ಲಿ ಅಂತ ಕಟ್ಟಿಲ್ಲ. ಅವತ್ತೂ ಕಟ್ಟಿರಲಿಲ್ಲ."

"ನಿನ್ನ ಪಾಪಕ್ಕೆ ಬೆಂಕಿ ಹಾಕ! ಕುಕ್ಕೆ ಕಟ್ಟಿದ್ರೆ ಅವನಿಗೆ ಕೆಲಸ, ಬಿಚ್ಚಿದ್ರೆ ರಜೆ. ಖಾಲಿ ಹೊಲದಲ್ಲೂ ನಾನು ಕಟ್ಟದೇ ಉತ್ತಿಲ್ಲ. ರಜೆ ಕೊಟ್ಟು ದುಡಿ ಅಂದ್ರೆ ನೀನು ದುಡೀತೀಯೇನೋ?"

ಬೈಗುಳ ತಿನ್ನುತ್ತಲೇ ತಮ್ಮ ಕೊಟ್ಟಿಗೆಗೆ ಓಡಿ ಕುಕ್ಕೆ ತರುತ್ತಾನೆ. ಅಕ್ಕ ಅದನ್ನು ಕಟ್ಟುತ್ತಾಳೆ. ಸೋಮಾರಿಯ ಎರಡೂ ಕಿವಿ ನೆಟ್ಟಗಾಗುತ್ತವೆ. "ಹೋಯ್" ಎನ್ನುವ ಅಗತ್ಯವೇ ಬೀಳುವುದಿಲ್ಲ. ಮಣ್ಣು ಸೀಳುತ್ತದೆ, ನೇಗಿಲು ಹಾರುತ್ತದೆ, ನೇಗಿಲಿಗೆ ಜೋತುಬಿದ್ದ ತಮ್ಮನೂ ಹಾರುತ್ತಾನೆ.

"ಅಯ್ಯಯ್ಯೋ, ನಿಲ್ಸಕ್ಕ!"

"ಓಡೋ ತಮ್ಮಾ! ಯಾರು ಮುದಿ ಅಂತ ಈಗ ಗೊತ್ತಾಗ್ಲಿ!"

ಏರು ಹತ್ತಿ, ತುದಿಯಲ್ಲಿ ತಾನೇ ತಿರುಗಿ, ಬಾಣದಂಥ ಇನ್ನೊಂದು ಸಾಲು ಎಳೆದುಕೊಂಡು ಸೋಮಾರಿ ಅಕ್ಕನೆದುರು ಬಂದು ನಿಲ್ಲುತ್ತದೆ. ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

"ಇಂಥದ್ದೇ ನನಗೆ ಬೇಕಾಗಿತ್ತು!" ಭಟ್ಟಿಯವನ ಕಣ್ಣು ಅರಳಿದೆ. "ಹೇಳಿದ್ದಕ್ಕಿಂತ ಜಾಸ್ತಿ ಕೊಡ್ತೀನಿ."

ಏದುಸಿರು ಬಿಡುತ್ತಿದ್ದ ತಮ್ಮ ಬಾಯಲ್ಲಿದ್ದ ಮಣ್ಣು ಉಗುಳುತ್ತಾನೆ. "ಮನೆ ಮಗನಿಗೆ ಬೆಲೆ ಕಟ್ತೀಯೇನಯ್ಯ? ಅಕ್ಕ ಕೊಡು ಅಂದ್ರೂ ನಾನು ಕೊಡಲ್ಲ. ನಡಿ!"

"ಕರೆಸಿದವನೇ ನೀನಲ್ಲವೇನಯ್ಯ? ಕುಕ್ಕೆ ಕಟ್ಟಬೇಕಾಗಿರೋದು ನಿಮ್ಮಿಬ್ಬರಿಗೆ!" ಭಟ್ಟಿಯವನು ಪಂಚೆ ಕೊಡವುತ್ತಾನೆ.

ಅಕ್ಕ ತಮ್ಮನ ಕೈಯಿಂದ ನೇಗಿಲು ಕಿತ್ತುಕೊಳ್ಳುತ್ತಾಳೆ. "ಈ ಸೋಮಾರಿ ಹಿಂದೆ ನಡೀತಾ ನಡೀತಾನೇ ಪ್ರಾಣ ಹೋಗ್ಬೇಕು, ಅಷ್ಟೇ ಆಸೆ. ಆದ್ರೆ ಅವಸರ ಏನಿಲ್ಲ."

ಆಗಲೇ ಅವಳು ಅರ್ಧ ಏರು ಹತ್ತಿದ್ದಾಳೆ. ಭಟ್ಟಿಯವನು ಬದು ದಾಟಿ ರಸ್ತೆಗಿಳಿದಿದ್ದಾನೆ. ಮತ್ತೆ ಈ ಕಡೆ ತಲೆ ಹಾಕಿಲ್ಲ.