ಸೂಜಿ ಚುಚ್ಚದ ಹನ್ನೊಂದು ದಿನ

ಊರಿನ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆರು ವರ್ಷ ಕೆಲಸ ಮಾಡಿ ನಾನು ಕಲಿತದ್ದು ಒಂದೇ: ಇಂಜೆಕ್ಷನ್ ಹಾಕದೆ ಕಳಿಸಿದರೆ ಯಾವ ರೈತನೂ ನನ್ನನ್ನು ಡಾಕ್ಟರೆಂದು ಒಪ್ಪುವುದಿಲ್ಲ. ಎಮ್ಮೆ ಎರಡು ಹೊತ್ತು ಮೇವು ಬಿಟ್ಟರೂ ಒಂದು ಸೂಜಿ ಬೇಕು. ಚುಚ್ಚಿದ ಜಾಗವನ್ನು ಅಂಗೈಯಿಂದ ಗಸಗಸ ಉಜ್ಜಲೂ ಬೇಕು. ಉಜ್ಜದಿದ್ದರೆ, "ಮದ್ದು ಅಲ್ಲೇ ನಿಂತ್ಕಂಬುಡ್ತದೆ ಕಣವ್ವ" ಎಂದು ಅವರೇ ನನಗೆ ಪಾಠ ಹೇಳುತ್ತಿದ್ದರು. ಕ್ರಮೇಣ ನನ್ನ ಕೈ ತಲೆಯನ್ನು ಕೇಳದೆಯೇ ಕೆಲಸ ಮಾಡುವುದನ್ನು ಕಲಿತುಬಿಟ್ಟಿತು.

ಆ ಕೈಯನ್ನೇ ನಂಬಿಕೊಂಡು ಸಿಡ್ನಿಗೆ ಬಂದೆ. ಗಂಡನಿಗೆ ನಾರ್ವೆಸ್ಟ್‌ನಲ್ಲಿ ಕಂಪ್ಯೂಟರ್ ಕೆಲಸ, ರೌಸ್ ಹಿಲ್‌ನಲ್ಲಿ ಬಾಡಿಗೆ ಮನೆ. ನನ್ನ ಡಿಗ್ರಿಗೆ ಇಲ್ಲಿ ಬೆಲೆ ಬರಬೇಕಾದರೆ ಮತ್ತೆ ಪರೀಕ್ಷೆ ಕೊಡಬೇಕಿತ್ತು. ಬರೆಯುವ ಪರೀಕ್ಷೆ ಪಾಸಾಯಿತು. ಮಾಡಿ ತೋರಿಸುವ ಪರೀಕ್ಷೆ ಮೆಲ್ಬರ್ನಿನಲ್ಲಿ. ದನ, ನಾಯಿ ಎಲ್ಲ ಸಲೀಸಾಗಿ ಮುಗಿದವು. ಕುದುರೆಯ ವಿಭಾಗದಲ್ಲಿ ಬಿಳಿ ಕೂದಲಿನ ಪರೀಕ್ಷಕಿ ಕೇಳಿದರು: ಲಸಿಕೆ ಹಾಕಿ ನಾಲ್ಕು ದಿನವಾಗಿದೆ, ಕತ್ತು ಊದಿ ಬಿಸಿಯಾಗಿದೆ, ಕುದುರೆಗೆ ತಲೆ ಬಗ್ಗಿಸಲಾಗುತ್ತಿಲ್ಲ, ಏನು ಮಾಡುತ್ತೀಯ? ಅವರ ಮಾತು ಮುಗಿಯುವ ಮೊದಲೇ ನಾನು ಆಂಟಿಬಯಾಟಿಕ್ ಇಂಜೆಕ್ಷನ್ನಿನ ಹೆಸರು, ಅಳತೆ ಎರಡನ್ನೂ ಹೇಳಿದ್ದೆ. ಆಮೇಲೆ? ಎಂದರು. ನೋವಿಗೆ ಇನ್ನೊಂದು ಇಂಜೆಕ್ಷನ್. ಆಮೇಲೆ? ನಾನು ಮೂರನೆಯದನ್ನೂ ಹೇಳಿದೆ. ಅವರು ಮುಖ ಎತ್ತದೆ ಏನೋ ಬರೆದುಕೊಂಡರು.

ಕುದುರೆಯಲ್ಲಿ ಮಾತ್ರ ಫೇಲು. ಅದೊಂದನ್ನು ಮುಂದಿನ ವರ್ಷ ಮತ್ತೆ ಕೊಡಬಹುದು ಎಂದು ಕಾಗದ ಬಂತು. ಓದಿ ಅವಮಾನದಿಂದ ಮೈಯೆಲ್ಲ ಉರಿಯಿತು. ಒಂದು ದಿನ ಅತ್ತು, ಮರುದಿನ ಗಂಡನಿಗೆ ಹೇಳಿದೆ, ಮುಂದಿನ ಪರೀಕ್ಷೆಯ ತನಕ ದಿನವೂ ಕುದುರೆಯ ಜೊತೆಗೇ ಇರುತ್ತೇನೆ ಎಂದು.

ಸ್ಕೋಫೀಲ್ಡ್ಸ್ ಕಡೆ ಆಗಿನ್ನೂ ಹುಲ್ಲುಗಾವಲುಗಳಿದ್ದವು. ಬೇರೆಯವರ ಕುದುರೆಗಳನ್ನು ಬಾಡಿಗೆಗೆ ಇಟ್ಟುಕೊಂಡು ನೋಡಿಕೊಳ್ಳುವ ಒಂದು ಫಾರಂನಲ್ಲಿ ಲದ್ದಿ ಬಾಚುವ ಕೆಲಸ ಸಿಕ್ಕಿತು. ಗಂಡ ತನ್ನ ಆಫೀಸಿಗೆ ತದ್ವಿರುದ್ಧ ದಿಕ್ಕಿನಲ್ಲಿದ್ದ ಅಲ್ಲಿಗೆ ಬೆಳಿಗ್ಗೆ ಆರಕ್ಕೆ ನನ್ನನ್ನು ಬಿಟ್ಟು ಹೋಗುತ್ತಿದ್ದ. ಕನ್ನಡದವರ ಮನೆಯ ಊಟಗಳಲ್ಲಿ ಯಾರಾದರೂ ಆಂಟಿ, ಏನು ಮಾಡ್ತಿದೀಯಮ್ಮ, ಎಂದು ಕೇಳಿದರೆ, ಲದ್ದಿ ಬಾಚ್ತೀನಿ ಆಂಟಿ, ಎಂದು ಬೇಕೆಂದೇ ಜೋರಾಗಿ ಹೇಳುತ್ತಿದ್ದೆ. ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ.

ಆ ಫಾರಂನಲ್ಲಿ ಒಂದು ಮುದಿ ಬೂದು ಹೆಣ್ಣುಕುದುರೆ ಇತ್ತು. ಅದರ ಒಡತಿ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದ ಒಂಟಿ ಹೆಂಗಸು. ಲಸಿಕೆ ಹಾಕಿಸದೆ ವರ್ಷಗಳೇ ಆಗಿದ್ದವು. ಬೇಲಿಯ ಆಚೆ ಹೊಸ ಮನೆಗಳು ಏಳುತ್ತಿದ್ದವು, ಎಲ್ಲೆಂದರಲ್ಲಿ ಮೊಳೆ ಬಿದ್ದಿರುತ್ತಿತ್ತು. ಮೈಸೂರಿನಲ್ಲಿ ಓದುವಾಗ ಗೊರಸಿಗೆ ಮೊಳೆ ಹೊಕ್ಕ ಒಂದು ಜಟಕಾ ಕುದುರೆ ಧನುರ್ವಾಯುವಿನಿಂದ ಸತ್ತದ್ದನ್ನು ನಾನು ನೋಡಿದ್ದೆ. ಅದು ಮರದ ಹಾಗೆ ಸೆಟೆದುಕೊಂಡು ನಿಂತದ್ದನ್ನು ಒಡತಿಗೆ ವರ್ಣಿಸಿ, ಅವಳ ಬೆನ್ನು ಬಿದ್ದು ಲಸಿಕೆಗೆ ಒಪ್ಪಿಸಿದೆ. ಸ್ಥಳೀಯ ಡಾಕ್ಟರು, ಚಿಕ್ಕ ವಯಸ್ಸಿನವನು, ಬಂದ. ಧನುರ್ವಾಯುವಿಗೂ ಗಂಟಲು ಬಾವು ರೋಗಕ್ಕೂ ಸೇರಿಸಿದ ಲಸಿಕೆಯನ್ನು ಕತ್ತಿಗೆ ಹಾಕಿದ. ಹಗ್ಗ ಹಿಡಿದು ನಿಂತಿದ್ದ ನಾನು, ಅವನು ಸೂಜಿ ತೆಗೆದದ್ದೇ ತಡ, ಆ ಜಾಗವನ್ನು ಗಸಗಸ ಉಜ್ಜಿಬಿಟ್ಟೆ. ಅವನು ನನ್ನ ಕೈಯನ್ನೇ ನೋಡಿದ.

ಮೂರನೆಯ ದಿನ ಬೆಳಿಗ್ಗೆ ಕುದುರೆ ಹುಲ್ಲಿನ ಮುಂದೆ ತಲೆ ಎತ್ತಿಕೊಂಡು ಸುಮ್ಮನೆ ನಿಂತಿತ್ತು. ಕತ್ತಿನಲ್ಲಿ ತೆಂಗಿನಕಾಯಿಯಷ್ಟು ದಪ್ಪ ಊತ. ಹಸಿವಿಗೆ ಹುಲ್ಲಿನ ಕಡೆ ಬಗ್ಗಲು ಹೋಗುವುದು, ನೋವಿಗೆ ಹಿಂದೆ ಸರಿಯುವುದು. ನೋಡಲಾಗಲಿಲ್ಲ. ಮೆಲ್ಬರ್ನಿನ ಪ್ರಶ್ನೆ ಬಾಲ ಅಲ್ಲಾಡಿಸುತ್ತ ನನ್ನ ಮುಂದೆಯೇ ಬಂದು ನಿಂತಿತ್ತು.

ಡಾಕ್ಟರು ಮತ್ತೆ ಬಂದ. ಜ್ವರ ನೋಡಿದ, ಊತದ ಸುತ್ತ ಒತ್ತಿ ಒತ್ತಿ ನೋಡಿದ. ಕೆಲವು ಕುದುರೆಗಳಿಗೆ ಈ ಲಸಿಕೆಯಿಂದ ಹೀಗಾಗುತ್ತದೆ, ಕೀವು ಕಟ್ಟುವ ಹಾಗಿದೆ ಎಂದ. ಬಿಸಿ ಶಾಖ ಕೊಡಿ, ಮೇವು ನೀರು ಎದೆಯ ಎತ್ತರಕ್ಕೆ ಇಡಿ, ಹಣ್ಣಾಗುವವರೆಗೆ ಕಾಯಿರಿ, ಜ್ವರ ಏರಿದರೆ ಫೋನ್ ಮಾಡಿ. ಅಷ್ಟು ಹೇಳಿ ಕಾರು ಹತ್ತಿದ. ಒಂದು ಸೂಜಿಯೂ ಇಲ್ಲ! ಇವನೆಂಥ ಡಾಕ್ಟರು ಎಂದುಕೊಂಡೆ. ಅಂದುಕೊಂಡ ಮೇಲೆ, ನಾನು ಪರೀಕ್ಷೆಯಲ್ಲಿ ಯಾಕೆ ಬಿದ್ದೆ ಎಂಬುದು ಹೊಳೆಯಿತು.

ಒಡತಿ ನನ್ನ ಮುಖ ನೋಡಲಿಲ್ಲ. ಲಸಿಕೆ ಹಾಕಿಸು ಎಂದು ಗಂಟು ಬಿದ್ದವಳು ನಾನೇ ತಾನೆ.

ಶಾಖ ನಾನೇ ಕೊಡುತ್ತೇನೆ ಎಂದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಟವೆಲ್ ಅದ್ದಿ, ಹಿಂಡಿ, ಊತದ ಮೇಲೆ ಹಿಡಿಯುವುದು, ಆರಿದರೆ ಇನ್ನೊಂದು. ಕುರು ಎದ್ದಾಗ ಅಮ್ಮ ಹಿಟ್ಟು ಅರಿಶಿನ ಕಲಸಿ ಬಿಸಿ ಪಟ್ಟು ಹಾಕುತ್ತಿದ್ದದ್ದು ನೆನಪಾಯಿತು. ದನಗಳಿಗೆ ಪಟ್ಟು ಹಾಕಿಕೊಂಡು ಬಂದ ಎಷ್ಟು ರೈತರನ್ನು ನಾನು ಗದರಿದ್ದೆ! ಪಟ್ಟು ಹಾಕಲೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಅವನು ನಕ್ಕು, ಚರ್ಮ ಒಡೆಯದಿರುವ ತನಕ ಅಡ್ಡಿಯಿಲ್ಲ ಎಂದ. ಬೂದು ಕುದುರೆ ಅರಿಶಿನ ಶಾಸ್ತ್ರದ ಮದುಮಗಳ ಹಾಗೆ ಹಳದಿ ಕತ್ತು ಹೊತ್ತು ನಿಂತಿತು.

ಶಾಖ ಕೊಡಲು ಶುರುಮಾಡಿದ ಏಳನೆಯ ದಿನವೂ ಊತ ಕಲ್ಲಿನಂತಿತ್ತು. ಕುದುರೆಯ ಪಕ್ಕೆಲುಬು ಕಾಣತೊಡಗಿತ್ತು. ಒಡತಿ ಬಂದು ಬೇಲಿಗೆ ಒರಗಿ, ನಿಮ್ಮೂರಲ್ಲಿ ನೀನು ಡಾಕ್ಟರಾಗಿದ್ದೆಯಂತಲ್ಲ, ಕುಯ್ದುಬಿಡು, ಯಾರಿಗೂ ಹೇಳುವುದಿಲ್ಲ ಎಂದಳು. ನನ್ನ ಬ್ಯಾಗಿನಲ್ಲಿ ಊರಿನಿಂದ ತಂದ ಬ್ಲೇಡ್ ಇತ್ತು. ನೋಂದಣಿ ಇಲ್ಲದೆ ಕುಯ್ದದ್ದು ಹೊರಗೆ ಬಂದರೆ ಈ ದೇಶದಲ್ಲಿ ಡಾಕ್ಟರಾಗುವ ಆಸೆಯನ್ನು ಅಲ್ಲೇ ಹೂಳಬೇಕಾಗುತ್ತಿತ್ತು. ಆದರೆ ನಿಜ ಹೇಳುತ್ತೇನೆ, ನನ್ನನ್ನು ತಡೆದದ್ದು ಆ ಭಯವಲ್ಲ. ಊತ ಹಣ್ಣಾಗಿರಲಿಲ್ಲ. ನಾನು ಮೊದಲ ಸಲ, ಕೈ ಮುಂದಾಗುವ ಮುಂಚೆ, ಒತ್ತಿ ನೋಡಿದ ಬೆರಳಿನ ತುದಿಯ ಮಾತು ಕೇಳಿದ್ದೆ.

"ಇನ್ನೂ ಆಗಿಲ್ಲ. ಕಾಯಬೇಕು" ಎಂದೆ.

"ಹಾಗಾದರೆ ನೀನು ಎಂಥ ಡಾಕ್ಟರು?"

ಆ ಮಾತು ನೇರ ಎದೆಗೆ ನಾಟಿತು. ಟವೆಲ್ ಬಿಸಿನೀರಿಗೆ ಅದ್ದಿದೆ. ಅಂದಿನಿಂದ ಮೂರು ಸಲವಿದ್ದ ಶಾಖ ಐದು ಸಲವಾಯಿತು. ಭಾನುವಾರ ಗಂಡನೂ ಕೆಟಲ್ ಹಿಡಿದು ನಿಂತ. "ಈ ಪರೀಕ್ಷೆ ಬಿಟ್ಟುಬಿಡು, ಬೇರೆ ಕೋರ್ಸ್ ಮಾಡು ಅಂತ ಹೇಳೋಣ ಅನ್ಕೊಂಡಿದ್ದೆ. ಈಗ ಹೇಳಲ್ಲ" ಎಂದ.

ಹನ್ನೊಂದನೆಯ ದಿನ ಬೆಳಿಗ್ಗೆ ಊತದ ನಡುವೆ ಒಂದು ಕಡೆ ಕೂದಲು ಉದುರಿ, ಚರ್ಮ ತೆಳುವಾಗಿ, ಒತ್ತಿದರೆ ಮೆತ್ತಗಿತ್ತು. ಫೋನ್ ಮಾಡಿದೆ. ಡಾಕ್ಟರು ಬರುವಷ್ಟರಲ್ಲಿ ಅದು ಟವೆಲ್ಲಿನೊಳಗೇ ಒಡೆದು, ಕೀವು ನನ್ನ ಮೊಣಕೈ ತನಕ ಹರಿದಿತ್ತು. ನಾತ ಹೇಳತೀರದು. ನನಗೆ ಮಾತ್ರ ಕುಣಿಯುವಷ್ಟು ಸಂತೋಷ. ಅವನು ಗಾಯದ ಬಾಯಿ ಅಗಲ ಮಾಡಿ ತೊಳೆದ. ನಾಲ್ಕು ದಿನ ಕಳೆದು ಕುದುರೆ ನೆಲಕ್ಕೆ ತಲೆ ಬಗ್ಗಿಸಿ ಹುಲ್ಲು ಕಿತ್ತಿತು. ಒಡತಿ ಅದರ ಪಕ್ಕದಲ್ಲೇ ಕುಳಿತು ನೋಡುತ್ತಿದ್ದಳು. ನನ್ನ ಕಡೆ ತಿರುಗಿ, ಇನ್ನು ಜನ್ಮದಲ್ಲಿ ಲಸಿಕೆ ಹಾಕಿಸುವುದಿಲ್ಲ ಎಂದಳು.

ಲಸಿಕೆಯ ದಿನ ನಾನು ಉಜ್ಜಿದ್ದಕ್ಕೇ ಹಾಗಾಯಿತೆಂದು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಉಜ್ಜಿದ್ದು ಒಳ್ಳೆಯದಾಯಿತೆಂದೂ ಸಿಗಲಿಲ್ಲ.

ಮುಂದಿನ ವರ್ಷ ಮೆಲ್ಬರ್ನಿನಲ್ಲಿ ಅದೇ ಪರೀಕ್ಷಕಿ ಒಂದು ಕುಂಟುವ ಕುದುರೆಯನ್ನು ಮುಂದೆ ನಿಲ್ಲಿಸಿದರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದೆ. ಯಾಕೆ ಸುಮ್ಮನಿದ್ದೀಯ ಎಂದರು. ಮದ್ದು ಕೊಡುವುದಕ್ಕೆ ಮೊದಲು ನೋಡುತ್ತಿದ್ದೇನೆ ಎಂದೆ. ಪಾಸಾದೆ. ಆ ಚಿಕ್ಕ ಡಾಕ್ಟರೇ ತನ್ನ ಕ್ಲಿನಿಕ್ಕಿನಲ್ಲಿ ಕೆಲಸ ಕೊಟ್ಟ.

ಮೊದಲ ವಾರವೇ ಫಾರಂಗೆ ಹೋಗಿ ಬೂದು ಕುದುರೆಯ ಒಡತಿಯನ್ನು ಕಂಡೆ. ಅವಳ ಕುದುರೆ ಮೇಯುವ ಹುಲ್ಲುಗಾವಲಿನಲ್ಲಿ ನಾನು ಆ ವರ್ಷವಿಡೀ ಆಯ್ದ ಮೊಳೆಗಳು ಒಂದು ಕಾಫಿ ಡಬ್ಬಿಯಲ್ಲಿದ್ದವು. ಡಬ್ಬಿಯನ್ನು ಅಲ್ಲಿದ್ದ ಮೇಜಿನ ಮೇಲೆ ಅವಳ ಮುಂದೆ ಸುರಿದೆ. ಈ ಸಲ ಧನುರ್ವಾಯುವಿಗೆ ಮಾತ್ರ ಹಾಕುತ್ತೇನೆ, ಎದೆಯ ಸ್ನಾಯುವಿಗೆ ಹಾಕುತ್ತೇನೆ, ಊದಿದರೂ ತಲೆ ಬಗ್ಗಿಸಲು ಅಡ್ಡಿಯಾಗದು, ಕೀವು ಬಂದರೆ ಕೆಳಗೆ ಇಳಿದುಹೋಗುತ್ತದೆ ಎಂದೆ. ಊದುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದೂ ಹೇಳಿದೆ. ಅವಳು ಮೊಳೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಹೋದಳು. ಕೊನೆಯದನ್ನು ಹಾಕಿ, ಕುದುರೆಯ ಹಗ್ಗ ತರಲು ಎದ್ದಳು.

ಚುಚ್ಚಿದೆ. ಸೂಜಿ ತೆಗೆದ ಕೂಡಲೇ ನನ್ನ ಅಂಗೈ ಎದ್ದು ಬಂತು. ಅದನ್ನು ಹಿಡಿದು ಜೇಬಿಗೆ ತುರುಕಿದೆ.

ಮೂರನೆಯ ದಿನ ಬೆಳಿಗ್ಗೆ ಕ್ಲಿನಿಕ್ಕಿನ ಫೋನಿನಲ್ಲಿ ಅವಳ ಸಂದೇಶವಿತ್ತು. "ಡಾಕ್ಟರ್, ಹುಲ್ಲು ತಿನ್ನುತ್ತಿದ್ದಾಳೆ. ನೆಲದ್ದು."