ನರ್ಸಕ್ಕನ ಹಸಿರು ದಾರ

ಎದುರು ಮನೆಯ ನರ್ಸಕ್ಕ ಮಕ್ಕಳ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ದುಡಿದವರು. ಕೂಸಿನ ಕಾಲಿಗೆ ಕಟ್ಟುವ ಪಟ್ಟಿ ಒಂದು ದಿನವೂ ಅವರ ಕೈಯಲ್ಲಿ ಅದಲುಬದಲಾಗಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಜರ್ಮನ್ ಕಲಿಯಲು ಕೂತಾಗ ಆ ಕಟ್ಟುನಿಟ್ಟೇ ಮುಳುವಾಯಿತು.

ಆ ಭಾಷೆಯಲ್ಲಿ ಮೇಜು ಗಂಡು, ದೀಪ ಹೆಣ್ಣು, ಮಗು ಎರಡೂ ಅಲ್ಲ. ಹೋಗಲಿ ಅಂದರೆ, 'ಹಳೆಯ', 'ಚಿಕ್ಕ' ಎನ್ನುವ ವಿಶೇಷಣಗಳಿಗೂ ಲಿಂಗ, ವಿಭಕ್ತಿ ನೋಡಿ ಬಾಲ ಬದಲಿಸಬೇಕು. "ನಮ್ಮ 'ಹಳೆಯ' ಪಾಪ, ಮೇಜಿಗಾದರೂ ಮೇಜಿನಲ್ಲಾದರೂ ತೆಪ್ಪಗಿರುತ್ತೆ. ಇವರದ್ದಕ್ಕೆ ಗಳಿಗೆಗೊಂದು ಬಾಲ," ಎನ್ನುತ್ತಿದ್ದರು. ಬಾಲ ತಪ್ಪೀತೆಂದು ವಾಕ್ಯದ ನಡುವೆಯೇ ನಿಂತು ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದರು. ಮೂರನೆಯ ಸಲವೂ ಹೋದರೆ ಜರ್ಮನಿಯ ಆಸ್ಪತ್ರೆಯಲ್ಲಿ ಸಿಗಲಿದ್ದ ಕೆಲಸ ಕೈತಪ್ಪುತ್ತಿತ್ತು.

ಮನೆಯ ಸಾಮಾನಿಗೆಲ್ಲ ದಾರ ಕಟ್ಟಿದರು: ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ಎರಡೂ ಅಲ್ಲದ್ದಕ್ಕೆ ಹಸಿರು. ಬಾಲಗಳ ಪಟ್ಟಿ ಹಿಡಿದು ಪಾಠ ಒಪ್ಪಿಸಿಕೊಳ್ಳುವುದು ನನ್ನ ಪಾಲಿನ ಕೆಲಸ.

ಪರೀಕ್ಷೆಗೆ ಮೂರು ದಿನವಿತ್ತು. ಐದು ತಿಂಗಳ ಮಗನನ್ನು ಅವರ ಬಳಿ ಬಿಟ್ಟು ಸ್ನಾನ ಮುಗಿಸಿ ಬಂದೆ. ಅವನ ಕಾಲಲ್ಲಿ ಹಸಿರು ದಾರ! ನನ್ನ ಹೆರಿಗೆಯಾದ ಆಸ್ಪತ್ರೆಯಲ್ಲಿ, ಉಳಿಯುವುದು ಅನುಮಾನವಿದ್ದ ಕೂಸುಗಳಿಗೆ ಹಸಿರು ಪಟ್ಟಿ. ಹನ್ನೊಂದು ದಿನ ಇವನ ಕಾಲಲ್ಲೂ ಅದಿತ್ತು. ಓಡಿಹೋಗಿ ಅವನ ಕಾಲು ಹಿಡಿದುಕೊಂಡೆ.

"ಏನಾಗಿದೆ ಅಕ್ಕಾ? ಮುಚ್ಚಿಡಬೇಡಿ."

ನಗಲು ಹೊರಟವರು ನನ್ನ ಮುಖ ನೋಡಿ ದಾರ ಬಿಚ್ಚಿದರು. "ಏನೂ ಆಗಿಲ್ಲ ಕಣೇ. ಮಗು ಅನ್ನೋ ಪದಕ್ಕೆ ಹಸಿರು, ಅಷ್ಟೇ. ಇವನು ಗುಂಡುಕಲ್ಲಿನ ಹಾಗಿದಾನೆ."

ನನ್ನ ಅಳು ನಿಲ್ಲಲಿಲ್ಲ. ಆಗ ಅವರು ಮಗುವನ್ನು ತೊಡೆಯ ಮೇಲೆ ಮಲಗಿಸಿ ಕಣ್ಣು, ಎದೆ, ಹೊಟ್ಟೆ, ಪಾದ ಒಂದೊಂದನ್ನೇ ಮುಟ್ಟಿ ನೋಡುತ್ತ, ವಾರ್ಡಿನಲ್ಲಿ ಡಾಕ್ಟರಿಗೆ ವರದಿ ಕೊಡುವ ಹಾಗೆ ಹೇಳುತ್ತ ಹೋದರು. ಅರ್ಧ ದಾರಿಯಲ್ಲಿ ಅದು ಜರ್ಮನ್ ಆಯಿತು. ಅವರಿಗೆ ಗೊತ್ತಾಗಲಿಲ್ಲ, ಕಣ್ಣು, ಕೈ ಎರಡೂ ಮಗುವಿನ ಮೇಲಿದ್ದವು.

ಮುಗಿದ ಮೇಲೆ ನಾನೇ ಮೂಗೊರೆಸಿಕೊಂಡು ಹೇಳಿದೆ: "ಮೂರು ಕಡೆ ಬಾಲ ತಪ್ಪಿತು ಅಕ್ಕಾ. ಆದರೆ ನೀವು ಎಲ್ಲೂ ನಿಲ್ಲಲಿಲ್ಲ."

"ಮೂರೇನಾ?" ಎಂದರು.

ಪರೀಕ್ಷೆಯ ದಿನ ಆ ಹಸಿರು ದಾರವನ್ನೇ ಮುಷ್ಟಿಯಲ್ಲಿಟ್ಟುಕೊಂಡು ಹೋದರು. ವ್ಯಾಕರಣಕ್ಕೆ ಕಡಿಮೆ ಅಂಕ ಬಂತು, ಮಾತಿಗೆ ಚೆನ್ನಾಗಿ ಬಂತು; ಅಂತೂ ಪಾಸು. ಹೊರಡುವ ಮುನ್ನ ಇಬ್ಬರೂ ಕೂತು ಮೇಜು, ದೀಪ, ಕಿಟಕಿಗಳ ದಾರ ಬಿಚ್ಚಿದೆವು. ಮಗ ಅವರ ಸೆರಗು ಹಿಡಿದು ಜಗ್ಗುತ್ತಿದ್ದ. "ಮೈ ಸ್ವಲ್ಪ ಬೆಚ್ಚಗಿದೆಯಲ್ಲವಾ ಅಕ್ಕಾ?" ಎಂದೆ. ನೂರನೆಯ ಸಲವೋ ಏನೋ, ಅವರು ಬೇಸರಿಸದೆ ಅವನ ಹಣೆ ಮುಟ್ಟಿ ನೋಡಿದರು.